‘ಬ್ರಾಟ್ ಫಾರ್ವರ್ಡ್’ ಎಂದರೆ ಮುಂದಕ್ಕೆ ಹಾಕಿದ್ದಾರೆ ಎಂದಲ್ಲವೇ?

ಶಿಲ್ಕು ಬಾಕಿ:

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಊರು ತಿಪಟೂರಿನ ಹತ್ತಿರ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಹನ್ನೊಂದು ವರ್ಷದಿಂದ ಇಂಗ್ಲಿಷಿನಲ್ಲೇ ಲೆಕ್ಕ ಬರೆಯುತ್ತಿದ್ದೇನೆ. ಜಿಎಸ್‌ಟಿ ನೋಟಿಸು ಬಂದರೂ ಹೆದರದೆ ಓದುತ್ತೇನೆ. ಅಂಥವನು ಹೋದ ತಿಂಗಳು ಎರಡು ಪುಟ್ಟ ಪದಗಳನ್ನು ಎಡವಿ ಮುಗ್ಗರಿಸಿದೆ.

ನಮ್ಮ ಬಿಡಿಭಾಗಗಳನ್ನು ಕೊಳ್ಳುವವರು ಇಂಗ್ಲೆಂಡಿನವರು. ವರ್ಷಕ್ಕೊಮ್ಮೆ ಅವರ ಕಡೆಯವರು ಬಂದು ದಾಸ್ತಾನು ಎಣಿಸುತ್ತಾರೆ. ಈ ಸಲ ಗುರುವಾರ, 20ನೇ ತಾರೀಖು ಎಂದು ಗೊತ್ತಾಗಿತ್ತು. ಆಮೇಲೆ ಒಂದು ಸಾಲಿನ ಇಮೇಲ್ ಬಂತು: ತಪಾಸಣೆಯನ್ನು ಎರಡು ದಿನ ‘ಬ್ರಾಟ್ ಫಾರ್ವರ್ಡ್’ ಮಾಡಲಾಗಿದೆ. ಹೊಸ ತಾರೀಖು ಬರೆದಿರಲಿಲ್ಲ.

ಬ್ರಾಟ್ ಫಾರ್ವರ್ಡ್! ಅದು ನನಗೆ ಅನ್ನ ಕೊಡುವ ಪದ. ಲೆಡ್ಜರಿನ ಪ್ರತಿ ಪುಟದ ನೆತ್ತಿಯ ಮೇಲೆ ‘ಬಿ/ಎಫ್’ ಎಂದು ಬರೆದು ಹಿಂದಿನ ಪುಟದ ಮೊತ್ತವನ್ನು ತಂದು ಕೂರಿಸುವವನು ನಾನು. ಹಿಂದಿನ ಪುಟದ್ದು ಮುಂದಿನ ಪುಟಕ್ಕೆ ಬಂದರೆ ಅದು ಬ್ರಾಟ್ ಫಾರ್ವರ್ಡ್. ಆ ಲೆಕ್ಕದಲ್ಲಿ ಗುರುವಾರದ ಕೆಲಸ ಮುಂದಿನ ಪುಟಕ್ಕೆ, ಅಂದರೆ ಶನಿವಾರಕ್ಕೆ ಹೋಗಬೇಕು. ಕನ್ನಡವೂ ಅದನ್ನೇ ಹೇಳುತ್ತದೆ. ಮದುವೆಯನ್ನು ಮುಂದಕ್ಕೆ ಹಾಕಿದರು ಎಂದರೆ ತಡವಾಗಿ ನಡೆಯುತ್ತದೆ ಎಂದೇ ಅರ್ಥ. ಎರಡು ಸಾಕ್ಷಿ ಸಿಕ್ಕ ಮೇಲೆ ಮೂರನೆಯದು ಯಾರಿಗೆ ಬೇಕು? ಸೋಮವಾರ, ಮಂಗಳವಾರ ರಜೆ ಬರೆದು ಊರಿಗೆ ಹೊರಟೆ.

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಅಟ್ಟದ ಮೇಲೆ ಇದ್ದೆ. ಹೋದ ವರ್ಷ ಅಟ್ಟಕ್ಕೆ ಹಾಕಿದ್ದ ಕಾಯಿ ಒಣಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಎನ್ನುತ್ತಿತ್ತು. ನಾನು ಮೇಲಿನಿಂದ ಬುಟ್ಟಿ ತುಂಬಿ ಇಳಿಸುತ್ತಿದ್ದೆ, ಅಪ್ಪ ಕೆಳಗೆ ಸುರಿದುಕೊಳ್ಳುತ್ತಿದ್ದರು. ಆಗ ವ್ಯವಸ್ಥಾಪಕರ ಫೋನ್. ತಪಾಸಣೆಯವರು ಬಂದು ಕುಳಿತಿದ್ದಾರೆ, ದಾಸ್ತಾನು ಪುಸ್ತಕದ ಬೀರುವಿನ ಬೀಗದ ಕೈ ಎಲ್ಲಿ? ಬೀಗದ ಕೈ ನನ್ನ ಚೀಲದಲ್ಲಿತ್ತು, ಚೀಲ ಅಟ್ಟದ ಕೆಳಗಿನ ಗೂಟದಲ್ಲಿತ್ತು. ತಲೆಗೂದಲಿನಲ್ಲಿ ಕಾಯಿನಾರು ಇಟ್ಟುಕೊಂಡೇ ಬಸ್ಸು ಹತ್ತಿ ಮೂರು ಗಂಟೆಯ ಹೊತ್ತಿಗೆ ಪೀಣ್ಯ ಮುಟ್ಟಿದೆ. ಮರುದಿನ ನನ್ನ ಮೇಜಿನ ಮೇಲೆ ಒಂದು ಮೆಮೊ ಇತ್ತು.

ಮೆಮೊ ಹೋಗಲಿ. ನನ್ನನ್ನು ಕೊರೆಯುತ್ತಿರುವುದು ಬೇರೆ. ‘ಪುಟ್’ ಗೊತ್ತು, ‘ಆಫ್’ ಗೊತ್ತು. ಎರಡನ್ನೂ ಕೂಡಿಸಿದರೆ ಮೊತ್ತ ತಾಳೆಯಾಗುವುದಿಲ್ಲ. ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಔಟ್’ ಎಂದರೆ ಬೆಂಕಿ ಆರಿಸು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಇಡುವುದಕ್ಕೂ ಸಹಿಸಿಕೊಳ್ಳುವುದಕ್ಕೂ ಯಾವ ನಂಟು? ಇದಕ್ಕೆ ಏನಾದರೂ ಸೂತ್ರ ಇದೆಯೇ? ತಿಳಿದವರು ಹೇಳಬೇಕು.

ದಿನಕ್ಕೆ ಹತ್ತು:

ಸೂತ್ರ ಗೀತ್ರ ಏನೂ ಇಲ್ಲ ಸರ್. ಬಾಯಿಪಾಠ ಒಂದೇ ದಾರಿ. ಬ್ಯಾಂಕ್ ಪರೀಕ್ಷೆಗೆ ನಾನು ಹಾಗೆಯೇ ಓದಿದ್ದು. ಪಟ್ಟಿ ಇರುವ ಪುಸ್ತಕಗಳು ಅವೆನ್ಯೂ ರಸ್ತೆಯಲ್ಲಿ ಹಳೆಯವು ಬೇಕಾದಷ್ಟು ಸಿಗುತ್ತವೆ. ದಿನಕ್ಕೆ ಹತ್ತರಂತೆ ಉರು ಹೊಡೆಯಿರಿ, ಮೂರು ತಿಂಗಳಲ್ಲಿ ಮುಗಿಯುತ್ತದೆ.

ಶಿಲ್ಕು ಬಾಕಿ:

ಸಲಹೆಗೆ ಧನ್ಯವಾದ. ಆದರೆ ಆ ಕೆಲಸ ಮಾಡಿಯಾಗಿದೆ. ಅಕಾರಾದಿಯಲ್ಲಿ ‘ಬ್ರೇಕ್’ವರೆಗೆ ಬಂದೆ. ಬ್ರೇಕ್ ಇನ್, ಬ್ರೇಕ್ ಔಟ್, ಬ್ರೇಕ್ ಆಫ್, ಬ್ರೇಕ್ ಅಪ್, ಬ್ರೇಕ್ ಡೌನ್. ರಾತ್ರಿ ಓದಿ ಮಲಗಿದೆ. ಬೆಳಗ್ಗೆ ಏಳುವಷ್ಟರಲ್ಲಿ ಮನೆಗೆ ನುಗ್ಗಿದ ಕಳ್ಳ, ಜೈಲಿನಿಂದ ಓಡಿದ ಕೈದಿ, ಮುರಿದುಬಿದ್ದ ನಿಶ್ಚಿತಾರ್ಥ, ಕೆಟ್ಟು ನಿಂತ ಲಾರಿ ಎಲ್ಲವೂ ಒಂದರ ಮನೆಯಲ್ಲಿ ಇನ್ನೊಂದು ಕುಳಿತಿದ್ದವು. ಅಷ್ಟಲ್ಲದೆ ಪಟ್ಟಿಯಲ್ಲಿ ‘ಬ್ರಿಂಗ್ ಫಾರ್ವರ್ಡ್’ ಇದ್ದೇ ಇತ್ತು. ಇದು ನನಗೆ ಗೊತ್ತಿರುವುದೇ ಎಂದು ದಾಟಿಸಿದ್ದೆ. ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಎಂದುಕೊಂಡ ಪದವೇ ನನಗೆ ಮೆಮೊ ಕೊಡಿಸಿತು.

ಅವರು ‘ಪ್ರೀಪೋನ್’ ಎಂದು ಬರೆದಿದ್ದರೆ ನಾನು ಅಟ್ಟ ಹತ್ತುತ್ತಲೇ ಇರಲಿಲ್ಲ. ಅದು ನಮ್ಮ ದೇಶದಲ್ಲಿ ಓಡಾಡುವ ಇಂಗ್ಲಿಷ್ ಪದವಂತೆ, ಅಲ್ಲಿಯವರು ಬಳಸುವುದಿಲ್ಲವಂತೆ. ಎಷ್ಟು ಒಳ್ಳೆಯ ಪದ!

ಹಳೆಯ ಮೇಷ್ಟರು:

ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತಮೂರು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ‘ಪ್ರೀಪೋನ್’ ಎಂದು ಬರೆದ ಮಕ್ಕಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ. ಈಗ ಆಕ್ಸ್‌ಫರ್ಡ್ ನಿಘಂಟಿನವರೇ ಅದನ್ನು ಸೇರಿಸಿಕೊಂಡಿದ್ದಾರೆ. ಆ ಮಕ್ಕಳಿಗೆಲ್ಲ ತಲಾ ಅರ್ಧ ಅಂಕ ಬಾಕಿ ಉಳಿಸಿಕೊಂಡಿದ್ದೇನೆ.

ಶಿಲ್ಕು ಬಾಕಿಯವರೇ, ನಿಮ್ಮ ತರ್ಕದಲ್ಲಿ ತಪ್ಪಿಲ್ಲ, ನೀವು ನಿಂತ ಜಾಗದಲ್ಲಿ ತಪ್ಪಿದೆ. ನಿಮ್ಮ ಲೆಡ್ಜರನ್ನೇ ತೆಗೆಯಿರಿ. ಪುಟದ ಬುಡದಲ್ಲಿ ಏನು ಬರೆಯುತ್ತೀರಿ? ‘ಕ್ಯಾರೀಡ್ ಫಾರ್ವರ್ಡ್’. ಮುಂದಿನ ಪುಟದ ನೆತ್ತಿಯಲ್ಲಿ? ‘ಬ್ರಾಟ್ ಫಾರ್ವರ್ಡ್’. ಮೊತ್ತವೂ ಅದೇ, ಹೋದ ದಾರಿಯೂ ಅದೇ. ಹೆಸರು ಮಾತ್ರ ಎರಡು ಏಕೆ? ಹಳೆಯ ಪುಟದಲ್ಲಿ ನಿಂತವನಿಗೆ ಮೊತ್ತ ತನ್ನನ್ನು ಬಿಟ್ಟು ಹೋಗುತ್ತಿದೆ, ಆದ್ದರಿಂದ ‘ಒಯ್ದರು’. ಹೊಸ ಪುಟದಲ್ಲಿ ನಿಂತವನ ಬಳಿಗೆ ಅದು ಬರುತ್ತಿದೆ, ಆದ್ದರಿಂದ ‘ತಂದರು’. ಹನ್ನೊಂದು ವರ್ಷದಿಂದ ದಿನವೂ ಈ ವ್ಯತ್ಯಾಸವನ್ನು ನಿಮ್ಮ ಕೈಯಾರೆ ಬರೆಯುತ್ತಿದ್ದೀರಿ.

ಈಗ ಆ ಇಮೇಲ್ ಓದಿ. ನೀವು ನಿಂತಿರುವುದು ಅದನ್ನು ಓದುತ್ತಿರುವ ದಿನದಲ್ಲಿ. ಇಪ್ಪತ್ತನೇ ತಾರೀಖು ಆಚೆ ದೂರದಲ್ಲಿದೆ. ಅದನ್ನು ‘ತಂದರೆ’ ಎತ್ತ ಬರಬೇಕು? ನಿಮ್ಮತ್ತ. ಹದಿನೆಂಟಕ್ಕೆ. ‘ಕ್ಯಾರಿ ಓವರ್’ ಎಂದು ಬರೆದಿದ್ದರೆ ನೀವು ಅಂದುಕೊಂಡದ್ದೇ ಸರಿಯಾಗುತ್ತಿತ್ತು. ಕನ್ನಡದ ಸಾಕ್ಷಿಯನ್ನೂ ಇದೇ ರೀತಿ ಪಾಟೀಸವಾಲು ಮಾಡಿ. ‘ಮುಂದಕ್ಕೆ ಹಾಕು’, ‘ಮುಂದೂಡು’. ಹಾಕುವುದೂ ದೂಡುವುದೂ ನಮ್ಮಿಂದ ಆಚೆಗೆ. ನೀವು ‘ಮುಂದಕ್ಕೆ’ಯನ್ನು ಹಿಡಿದುಕೊಂಡು ಕ್ರಿಯಾಪದವನ್ನು ಬಿಟ್ಟಿರಿ.

ಇನ್ನೊಂದು ಮಾತು. ತಿಪಟೂರಿನವರು ನೀವು, ಮುಂಗಾರು ಮೊದಲು ಬರುತ್ತದೆಯೋ ಹಿಂಗಾರೋ? ‘ಮುಂ’ ಎಂದರೆ ತಡ ಎಂದಾದರೆ ಮುಂಗಾರು ಅಕ್ಟೋಬರಿನಲ್ಲಿ ಸುರಿಯಬೇಕಿತ್ತು. ನೀವು ಕೊಡುವ ಮುಂಗಡ ಹಣ ಮೊದಲು ಕೊಡುವುದೋ ಆಮೇಲೆ ಕೊಡುವುದೋ? ಹಬ್ಬದ ಮುನ್ನಾದಿನ ಎಂದರೆ ಹಿಂದಿನ ದಿನ, ಮುಂದಿನ ದಿನ ಎಂದರೆ ನಂತರದ್ದು. ನಮ್ಮ ‘ಮುನ್’ ಎರಡೂ ಕಡೆಗೆ ಮುಖ ಮಾಡಿ ನಿಂತಿದೆ, ನಾವು ಗಮನಿಸಿಲ್ಲ ಅಷ್ಟೇ. ದಾರಿ ನಡೆಯುವವನಿಗೆ ಕಣ್ಣೆದುರು ಇರುವುದು ಇನ್ನು ಬರಬೇಕಾದದ್ದು. ಮುಂದಿನ ವಾರ ಹುಟ್ಟುವುದು ಅಲ್ಲಿ. ಸರದಿ ಸಾಲಿನಲ್ಲಿ ಮುಂದೆ ನಿಂತವನು ಮೊದಲು ಬಾಗಿಲು ತಲುಪುತ್ತಾನೆ. ಮುಂಗಾರು ಹುಟ್ಟುವುದು ಅಲ್ಲಿ. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ ಸರದಿ ಸಾಲಿನ ಮಾತು. ‘ಪುಟ್ ಬ್ಯಾಕ್’, ‘ಪುಶ್ ಬ್ಯಾಕ್’ ಎಂದು ಬಂದರೂ ಹಾಗೆಯೇ: ಸಾಲಿನಲ್ಲಿ ಹಿಂದಕ್ಕೆ ಕಳುಹಿಸಿದರು, ಅಂದರೆ ಮುಂದೂಡಿದರು. ಮುಂದೆ ಎಂದಾದರೂ ಅಂಥ ಇಮೇಲ್ ಬಂದರೆ ಮದುವೆಯನ್ನು ನೆನೆಯಬೇಡಿ, ಮಳೆಯನ್ನು ನೆನೆಯಿರಿ.

ನಿಮಗೆ ಸಮಾಧಾನವಾಗಲಿ ಎಂದು ಇದನ್ನೂ ಬರೆಯುತ್ತೇನೆ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಿದರೆ ಅದು ಯಾವ ವಾರ ನಡೆಯುತ್ತದೆ, ಸೋಮವಾರವೋ ಶುಕ್ರವಾರವೋ? ಲೆರಾ ಬೊರೊಡಿಟ್ಸ್‌ಕಿ ಎಂಬ ಸಂಶೋಧಕಿ ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಇಂಗ್ಲಿಷ್ ಮಾತನಾಡುವವರಿಗೇ ಕೇಳಿದರು. ಉತ್ತರ ಎರಡು ಪಾಲಾಯಿತು. 2002ರಲ್ಲಿ ಅವರೂ ಮೈಕೆಲ್ ರಾಮ್‌ಸ್ಕಾರ್ ಅವರೂ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನ ನಿಲ್ದಾಣದವರನ್ನೂ ಕೇಳಿದ್ದಾರೆ. ಆಗಷ್ಟೇ ಹಾರಿ ಬಂದು ಇಳಿದವರಲ್ಲಿ ಶುಕ್ರವಾರ ಎಂದವರು ಹೆಚ್ಚು. ಯಾರನ್ನೋ ಕರೆದೊಯ್ಯಲು ಬಂದು ಕಾಯುತ್ತ ನಿಂತವರಲ್ಲಿ ಅಷ್ಟಿಲ್ಲ. ಮೈ ಪ್ರಯಾಣದಲ್ಲಿದ್ದರೆ ಕಾಲದಲ್ಲೂ ತಾವೇ ಮುಂದಕ್ಕೆ ಸಾಗುತ್ತಿದ್ದೇವೆ ಎನಿಸುತ್ತದೆ. ‘ಮೂವ್’ ಎಂಬ ಪದದಲ್ಲಿ ತರುವುದೂ ಇಲ್ಲ, ಒಯ್ಯುವುದೂ ಇಲ್ಲ. ಅದರಿಂದಲೇ ಈ ಗೊಂದಲ.

ಶಿಲ್ಕು ಬಾಕಿ:

ಮೇಷ್ಟರೇ, ನಿಮ್ಮ ಬರಹ ಓದಿ ಬೀರು ತೆಗೆದು ಲೆಡ್ಜರ್ ನೋಡಿದೆ. ಬುಡದಲ್ಲಿ ‘ಸಿ/ಎಫ್’, ನೆತ್ತಿಯಲ್ಲಿ ‘ಬಿ/ಎಫ್’. ಇಷ್ಟು ವರ್ಷ ಅದನ್ನು ಬರಿಯ ಕಚೇರಿಯ ವಾಡಿಕೆ ಎಂದುಕೊಂಡಿದ್ದೆ. ಆ ಎರಡು ಅಕ್ಷರಗಳ ಹಿಂದೆ ಒಬ್ಬ ಮನುಷ್ಯ ನಿಂತು ನೋಡುತ್ತಿದ್ದಾನೆ ಎಂದು ಹೊಳೆದಿರಲಿಲ್ಲ.

ವಿಮಾನ ನಿಲ್ದಾಣದ ಮಾತು ಓದಿ ನಗು ಬಂತು. ಇಮೇಲ್ ಬಂದ ಸಂಜೆ ನಾನು ಮನಸ್ಸಿನಲ್ಲಿ ಆಗಲೇ ತಿಪಟೂರಿನ ರೈಲು ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದೆ. ಶನಿವಾರ ಎಂದು ಓದದೆ ಇನ್ನೇನು?

ಆದರೂ ನನ್ನ ಎರಡನೆಯ ಪ್ರಶ್ನೆ ಉಳಿಯಿತು. ‘ಪುಟ್’ಗೆ ‘ಅಪ್’, ‘ವಿತ್’ ಸೇರಿಸಿದರೆ ಸಹನೆ ಎಲ್ಲಿಂದ ಬಂತು?

ಹಳೆಯ ಮೇಷ್ಟರು:

ಹಾರಕ್ಕೆ ‘ಆ’ ಸೇರಿದರೆ ಆಹಾರ, ‘ಪ್ರ’ ಸೇರಿದರೆ ಪ್ರಹಾರ, ‘ಸಂ’ ಸೇರಿದರೆ ಸಂಹಾರ, ‘ವಿ’ ಸೇರಿದರೆ ವಿಹಾರ, ‘ಪರಿ’ ಸೇರಿದರೆ ಪರಿಹಾರ. ಊಟ, ಏಟು, ಕೊಲೆ, ಸುತ್ತಾಟ, ಸರ್ಕಾರ ಕೊಡುವ ಬೆಳೆನಷ್ಟದ ದುಡ್ಡು. ಐದೂ ಒಂದೇ ಧಾತುವಿನವು. ಉಪಸರ್ಗ ಎಂಬುದು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆ ಕಡೆಗೆ ಎಳೆದುಕೊಂಡು ಹೋಗುತ್ತದೆ ಎಂದು ಸಂಸ್ಕೃತದಲ್ಲಿ ಹಳೆಯ ಶ್ಲೋಕವೇ ಇದೆ, ಇದೇ ಉದಾಹರಣೆಗಳೊಂದಿಗೆ. ಆಹಾರ ತಿನ್ನುವಾಗ ನಾವು ಯಾರೂ ಧಾತು ಹುಡುಕುವುದಿಲ್ಲ. ಸಂಸ್ಕೃತ ಆ ತುಂಡನ್ನು ತಲೆಗೆ ಕಟ್ಟುತ್ತದೆ, ಇಂಗ್ಲಿಷ್ ಬಾಲಕ್ಕೆ ಕಟ್ಟುತ್ತದೆ. ಇಂಗ್ಲಿಷೂ ಹಿಂದೆ ತಲೆಗೇ ಕಟ್ಟುತ್ತಿತ್ತು. ‘ಅಂಡರ್‌ಸ್ಟ್ಯಾಂಡ್’ ಅದರ ಪಳೆಯುಳಿಕೆ. ಅರ್ಥವಾಯಿತು ಎಂದವನನ್ನು ಯಾವುದರ ಕೆಳಗೆ ನಿಂತೆ ಎಂದು ಯಾರು ಕೇಳುತ್ತಾರೆ?

ಪಕ್ಕದ ಮನೆಗೆ ಬಾಡಿಗೆಗೆ ಬಂದ ಬಿಹಾರದ ಹುಡುಗನೊಬ್ಬ ನನ್ನ ಬಳಿ ಕನ್ನಡ ಕಲಿಯುತ್ತಿದ್ದಾನೆ. ಒಂದು ದಿನ ಕೇಳಿದ: ಮೇಷ್ಟರೇ, ‘ಮರೆತುಬಿಟ್ಟೆ’ ಎನ್ನುತ್ತೀರಲ್ಲ, ಮರೆತ ಮೇಲೆ ಬಿಟ್ಟದ್ದು ಏನನ್ನು? ‘ಹೇಳಿಕೊಡು’ ಎಂದರೆ ಹೇಳಿದ ಮೇಲೆ ಕೊಡಬೇಕಾದದ್ದು ಏನು? ನಿಮ್ಮ ಪ್ರಶ್ನೆಯನ್ನೇ ಅವನು ತಿರುಗಿಸಿ ನನಗೆ ಕೇಳಿದ್ದ. ಅವನ ಹಿಂದಿಯಲ್ಲೂ ಇಂಥವು ಬೇಕಾದಷ್ಟಿವೆ ಎಂದು ಅವನಿಗೂ ಹೊಳೆದಿರಲಿಲ್ಲ.

1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾರೆ: ಪರಭಾಷಿಕರಿಗೆ ಎಲ್ಲಕ್ಕಿಂತ ಕಷ್ಟ ಕೊಡುವುದು ಕ್ರಿಯಾಪದದ ಹಿಂದೆ ಸೇರುವ ಈ ತುಂಡುಗಳೇ ಎಂದು. ಹೀಗಾಗಿ ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ಸೂತ್ರ ಕೇಳಿದಿರಿ. ಅರ್ಥಕ್ಕೆ ಸೂತ್ರವಿಲ್ಲ, ಆದರೆ ಪದವನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಇದೆ. ‘ಇಟ್’ ಎಂಬ ಪದವನ್ನು ನಡುವೆ ಇಟ್ಟು ನೋಡಿ. ‘ಪುಟ್ ಇಟ್ ಆಫ್’: ಕೂತಿತು. ‘ಪುಟ್ ಆಫ್ ಇಟ್’ ಎಂದರೆ ತಪ್ಪು. ಇಲ್ಲಿ ‘ಆಫ್’ ಕ್ರಿಯಾಪದದ ಬಾಲ. ‘ಲುಕ್ ಆಫ್ಟರ್ ಇಟ್’ ಎನ್ನಬೇಕು, ‘ಲುಕ್ ಇಟ್ ಆಫ್ಟರ್’ ಎನ್ನಲಾಗದು. ಇಲ್ಲಿ ‘ಆಫ್ಟರ್’ ತನ್ನ ಮುಂದಿನ ನಾಮಪದವನ್ನು ಹಿಡಿದುಕೊಂಡಿದೆ, ನಡುವೆ ಯಾರನ್ನೂ ಬಿಡುವುದಿಲ್ಲ. ಕಿವಿಗೂ ಇದು ತಿಳಿಯುತ್ತದೆ. ‘ಪುಟ್ ಇಟ್ ಆಫ್’ ಎನ್ನುವಾಗ ಒತ್ತು ಬಾಲದ ಮೇಲೆ ಬೀಳುತ್ತದೆ. ‘ಲುಕ್ ಅಟ್ ಇಟ್’ ಎನ್ನುವಾಗ ‘ಅಟ್’ ನುಂಗಿಹೋಗುತ್ತದೆ.

ನಾಮಪದವನ್ನು ಹಿಡಿದುಕೊಳ್ಳುವ ಈ ಎರಡನೆಯ ಜಾತಿ ನಮ್ಮ ವಿಭಕ್ತಿಯ ಕೆಲಸ ಮಾಡುತ್ತದೆ. ‘ಬಸ್ಸಿಗೆ ಕಾದೆ’ ಎಂಬಲ್ಲಿನ ‘ಗೆ’ ಇಂಗ್ಲಿಷಿನಲ್ಲಿ ‘ಫಾರ್’ ಆಗಿ ಕುಳಿತಿದೆ. ನಾವು ಜಾರಿ ಬೀಳುವುದು ಇಲ್ಲೇ, ಏಕೆಂದರೆ ನಮ್ಮ ವಿಭಕ್ತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತೇವೆ. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬುದರಿಂದ ‘ಡಿಸ್ಕಸ್ ಅಬೌಟ್’ ಹುಟ್ಟಿತು. ‘ನನ್ನ ಮೇಲೆ ಕೋಪ’ ಎಂಬುದರಿಂದ ‘ಆಂಗ್ರಿ ಆನ್ ಮಿ’. ‘ಹಾಸನಕ್ಕೆ ತಲುಪಿದೆ’ ಎಂಬುದರಿಂದ ‘ರೀಚ್ಡ್ ಟು ಹಾಸನ್’. ಮೂವತ್ತಮೂರು ವರ್ಷ ನನ್ನ ಕೆಂಪು ಶಾಯಿ ಹೆಚ್ಚು ಖರ್ಚಾದದ್ದು ಈ ಮೂರರ ಮೇಲೆ. ಮಕ್ಕಳ ಕನ್ನಡ ಗಟ್ಟಿಯಾಗಿತ್ತು, ಅದೇ ಅವರ ತಪ್ಪು.

ಕಡತ ವಿಲೇವಾರಿ:

ನಮ್ಮ ಕಚೇರಿಯಲ್ಲಿ ‘ಪುಟ್ ಅಪ್’ ಎಂದರೆ ಒಂದೇ ಅರ್ಥ: ಕಡತವನ್ನು ಟಿಪ್ಪಣಿ ಸಮೇತ ಮೇಲಧಿಕಾರಿಯ ಮುಂದೆ ಮಂಡಿಸುವುದು. ಬೆಳಗ್ಗೆ ‘ಪುಟ್ ಅಪ್’ ಮಾಡಿದ ಕಡತ ಸಂಜೆ ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ವಾಪಸು ಬರುತ್ತದೆ. ಆಗ ನಾವು ಮಾಡುವುದಕ್ಕೆ ‘ಪುಟ್ ಅಪ್ ವಿತ್’ ಎನ್ನುತ್ತಾರೆ. ಶಿಲ್ಕು ಬಾಕಿಯವರಿಗೆ ನಂಟು ಸಿಕ್ಕಿತು ಎಂದುಕೊಳ್ಳುತ್ತೇನೆ.

ಹೊಸದಾಗಿ ವರ್ಗವಾಗಿ ಬಂದ ಸಾಹೇಬರೊಬ್ಬರು ‘ನೀವು ಎಲ್ಲಿ ಪುಟ್ ಅಪ್ ಆಗಿದ್ದೀರಿ’ ಎಂದು ಕೇಳಿದ್ದರು. ಯಾವ ಕಡತದ ಜೊತೆ ನನ್ನನ್ನೂ ಮಂಡಿಸಿದ್ದಾರೆ ಎಂದು ಗಾಬರಿಯಾದೆ. ಅವರು ಕೇಳಿದ್ದು ನನ್ನ ಮನೆ ಎಲ್ಲಿ ಎಂದು.

ವಾರ್ಡ್ ಏಳು:

ಮೇಷ್ಟರಿಗೆ ನಮಸ್ಕಾರ. ನಾನು ಚಿಕ್ಕಮಗಳೂರಿನವಳು, ಇಂಗ್ಲೆಂಡಿನ ಉತ್ತರ ಭಾಗದ ಒಂದು ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿಗೆ ಬರುವ ಮೊದಲು ಇಂಗ್ಲಿಷ್ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಆ ಪರೀಕ್ಷೆಗೆ ನಾನು ಓದಿದ್ದೆಲ್ಲ ವೈದ್ಯರ ಇಂಗ್ಲಿಷ್. ಖಾಯಿಲೆಯವರು ಬೇರೆಯೇ ಇಂಗ್ಲಿಷ್ ಆಡುತ್ತಾರೆ, ಅದಕ್ಕೆ ಮೈಯೆಲ್ಲ ಮೇಷ್ಟರು ಹೇಳಿದ ಬಾಲ.

ಮೊದಲ ವಾರ ರಾತ್ರಿಪಾಳಿ. ಎಂಬತ್ತು ದಾಟಿದ ಅಜ್ಜ ಒಬ್ಬರು, ರಾತ್ರಿಯೆಲ್ಲ ‘ಬ್ರಿಂಗಿಂಗ್ ಇಟ್ ಅಪ್’ ಎಂದರು. ‘ಬ್ರಿಂಗ್ ಅಪ್’ ಎಂದರೆ ಮಕ್ಕಳನ್ನು ಸಾಕುವುದು ಅಥವಾ ಯಾವುದಾದರೂ ವಿಷಯ ಎತ್ತುವುದು ಎಂದು ಓದಿ ಬಂದಿದ್ದೆ. ಏನೋ ದೂರು ಎತ್ತುತ್ತಿದ್ದಾರೆ, ಕೇಳೋಣ ಎಂದು ಕುರ್ಚಿ ಎಳೆದುಕೊಂಡು ಕುಳಿತೆ. ಅಜ್ಜ ನನ್ನ ಮಡಿಲಿಗೇ ವಾಂತಿ ಮಾಡಿಕೊಂಡರು. ಪಾಪ, ಅವರೇ ಹತ್ತು ಸಲ ಕ್ಷಮೆ ಕೇಳಿದರು. ಆಮೇಲೆ ‘ಗಾನ್ ಆಫ್ ಮೈ ಫುಡ್’ ಎಂದರು. ಅದನ್ನೂ ಆ ರಾತ್ರಿಯೇ ಕಲಿತೆ: ಊಟ ಸೇರುತ್ತಿಲ್ಲ ಎಂದು.

ಆದರೆ ನನ್ನನ್ನು ನಿಜವಾಗಿ ಕೆಡವಿದ್ದು ಈ ‘ಆಫ್’. ಹಿರಿಯ ನರ್ಸ್ ಬಂದು, ಆರನೇ ಹಾಸಿಗೆಯ ಪಂಪಿನ ಅಲಾರಂ ‘ಗೋಯಿಂಗ್ ಆಫ್’, ನೋಡು ಎಂದರು. ಔಷಧ ಹನಿಸುವ ಪಂಪ್ ಅದು. ನಮ್ಮ ಮನೆಯಲ್ಲಿ ಆಫ್ ಎಂದರೆ ಆಫ್. ಲೈಟ್ ಆಫ್ ಮಾಡು, ಮೊಬೈಲ್ ಸ್ವಿಚ್ ಆಫ್ ಆಗಿದೆ. ಅಲಾರಂ ಆಫ್ ಆಗುತ್ತಿದೆ ಎಂದರೆ ಬ್ಯಾಟರಿ ಸತ್ತಿರಬೇಕು ಎಂದುಕೊಂಡು ಚಾರ್ಜರ್ ತಂತಿ ಹುಡುಕುತ್ತ ಉಗ್ರಾಣಕ್ಕೆ ಹೋದೆ. ಅಷ್ಟು ಹೊತ್ತೂ ಅದು ಕೂಗುತ್ತಲೇ ಇತ್ತು. ಅಲಾರಂ ‘ಗೋ ಆಫ್’ ಎಂದರೆ ಹೊಡೆದುಕೊಳ್ಳುವುದಂತೆ! ಲೈಟು ‘ಗೋ ಆಫ್’ ಆದರೆ ಆರುತ್ತದೆ, ಅಲಾರಂ ‘ಗೋ ಆಫ್’ ಆದರೆ ಕೂಗುತ್ತದೆ, ಹಾಲು ‘ಗೋ ಆಫ್’ ಆದರೆ ಕೆಡುತ್ತದೆ. ರೋಗಿಗೆ ಏನೂ ಆಗಲಿಲ್ಲ, ಕೊಳವೆ ಮಡಚಿಕೊಂಡಿತ್ತು ಅಷ್ಟೇ. ಮೇಷ್ಟರೇ, ಇದಕ್ಕೆ ಏನು ಹೇಳುತ್ತೀರಿ?

ಹಳೆಯ ಮೇಷ್ಟರು:

ತಾಯಿ, ನಿಮ್ಮ ತಪ್ಪಿನಲ್ಲಿ ಅರ್ಧ ಕನ್ನಡದ್ದು. ‘ಸ್ವಿಚ್ ಆಫ್’ ಎಂಬ ಜೋಡಿ ನಮ್ಮ ಊರಿಗೆ ಬಂದಾಗ ನಾವು ಮೈಯನ್ನು ಬಿಟ್ಟು ಬಾಲವನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಂಡೆವು, ಅದಕ್ಕೆ ನಮ್ಮ ‘ಮಾಡು’ ಕಟ್ಟಿದೆವು. ಲೈಟ್ ಆಫ್ ಮಾಡು, ಫ್ಯಾನ್ ಆಫ್ ಮಾಡು. ಮೈ ಹೋದ ಮೇಲೆ ಬಾಲಕ್ಕೆ ‘ನಿಲ್ಲಿಸು’ ಎಂಬ ಅರ್ಥ ಅಂಟಿಕೊಂಡಿತು. ಇಂಗ್ಲಿಷಿನಲ್ಲಿ ಅದರ ಮೂಲ ಅರ್ಥ ನಿಲ್ಲುವುದಲ್ಲ, ಬಿಟ್ಟು ದೂರವಾಗುವುದು. ಒಂದು ‘ಎಫ್’ ಇರುವ ‘ಆಫ್’, ಎರಡು ‘ಎಫ್’ ಇರುವ ‘ಆಫ್’ ಹಳೆಯ ಕಾಲದಲ್ಲಿ ಒಂದೇ ಪದ. ಒತ್ತಿ ಹೇಳಿದ್ದು ಎರಡು ‘ಎಫ್’ನದಾಯಿತು.

ಈಗ ನೋಡಿ. ಲೈಟಿಗೆ ವಿದ್ಯುತ್ತಿನ ಸಂಪರ್ಕ ಬಿಟ್ಟುಹೋಯಿತು. ಅಜ್ಜನಿಗೂ ಊಟಕ್ಕೂ ಸಂಬಂಧ ಬಿಟ್ಟುಹೋಯಿತು. ಬಂದೂಕಿನ ಕುದುರೆ ಎಳೆದರೆ ಹಿಡಿತ ಬಿಟ್ಟು ಗುಂಡು ಹಾರುತ್ತದೆ, ಅದೂ ‘ಗೋ ಆಫ್’. ಅಲಾರಂ ಬಂದೂಕಿನ ಜಾತಿ. ಹಿಡಿದಿಟ್ಟದ್ದು ಸಡಿಲಿ ಹೊರಡುತ್ತದೆ. ಹಾಲಿನದನ್ನು ಮಾತ್ರ ನನ್ನಿಂದ ಪೂರ್ತಿ ಹೊಂದಿಸಲು ಆಗಿಲ್ಲ. ತನ್ನ ಒಳ್ಳೆಯ ಸ್ಥಿತಿಯನ್ನು ಬಿಟ್ಟಿತು ಎಂದು ಮಕ್ಕಳಿಗೆ ಹೇಳುತ್ತಿದ್ದೆ, ನಂಬುತ್ತಿದ್ದರು.

ಶಿಲ್ಕು ಬಾಕಿ:

ವಾರ್ಡ್ ಏಳು ಅಕ್ಕ, ನಿಮ್ಮ ಅಜ್ಜನ ಕಥೆಯ ಮುಂದೆ ನನ್ನ ಮೆಮೊ ಏನೇನೂ ಅಲ್ಲ.

‘ಆಫ್’ ಎಂದರೆ ಬಿಟ್ಟು ದೂರವಾಗುವುದು ಎಂದು ಮೇಷ್ಟರು ಹೇಳಿದೊಡನೆ ನನ್ನ ಕಸುಬಿನ ‘ರೈಟ್ ಆಫ್’ ಬೆಳಕಿಗೆ ಬಂತು. ವಸೂಲಾಗದ ಸಾಲವನ್ನು ಆಸ್ತಿಯ ಪಟ್ಟಿಯಿಂದ ತೆಗೆದು ಬರೆಯುವುದು ಅದು. ಲೆಕ್ಕದ ಪುಸ್ತಕದಿಂದ ದೂರವಾಯಿತು, ಅಷ್ಟೇ. ಸಾಲಗಾರನಿಂದ ದೂರವಾಗಲಿಲ್ಲ, ಬ್ಯಾಂಕು ಅವನ ಬೆನ್ನು ಹತ್ತುವುದನ್ನು ಬಿಡಬೇಕಾಗಿಲ್ಲ. ಇದನ್ನು ಎಷ್ಟೋ ಕಡೆ ‘ಸಾಲ ಮನ್ನಾ’ ಎಂದು ಬರೆಯುತ್ತಾರೆ. ಮನ್ನಾ ಎಂದರೆ ಸಾಲವನ್ನೇ ಬಿಟ್ಟುಕೊಡುವುದು, ಅದಕ್ಕೆ ಇಂಗ್ಲಿಷಿನಲ್ಲಿ ‘ವೇವ್’ ಎಂಬ ಬಾಲವಿಲ್ಲದ ಪದ ಇದೆ. ನಮ್ಮ ಊರಿನ ಚಹಾದ ಅಂಗಡಿಯಲ್ಲಿ ಈ ವಿಷಯಕ್ಕೆ ಎರಡು ಸಲ ಜಗಳವಾಗಿದೆ. ಮುಂದಿನ ಸಲ ನನಗೆ ಒಳ್ಳೆಯ ಆಯುಧ ಸಿಕ್ಕಂತಾಯಿತು.

ಅಪ್ಪನಿಗೂ ಫೋನಿನಲ್ಲಿ ಮುಂಗಾರಿನ ವಿಚಾರ ಹೇಳಿದೆ. ‘ಇದಕ್ಕೆ ಇಂಗ್ಲಿಷ್ ಮೇಷ್ಟರು ಬೇಕಾಯಿತೇ, ನನ್ನನ್ನು ಕೇಳಿದ್ದರೆ ಮುಂಗಾರು ಮೊದಲು ಎಂದು ನಾನೇ ಹೇಳುತ್ತಿದ್ದೆ’ ಎಂದರು. ಅಟ್ಟದಲ್ಲಿ ಇನ್ನೂ ಅರ್ಧ ಕಾಯಿ ಹಾಗೆಯೇ ಉಳಿದಿದೆ ಎಂಬುದನ್ನೂ ನೆನಪಿಸಿದರು.

ಇನ್ನು ಮುಂದೆ ಯಾವ ಇಮೇಲ್ ಬಂದರೂ ವಾರ, ತಾರೀಖು ಎರಡನ್ನೂ ಬರೆದು ಖಚಿತಪಡಿಸಿಕೊಳ್ಳುವುದು ಎಂದು ತೀರ್ಮಾನಿಸಿದ್ದೇನೆ. ಮುಂದಿನ ತಪಾಸಣೆಯ ದಿನ ಕೇಳಿ ನಿನ್ನೆ ಬರೆದೆ. ಇವತ್ತು ಉತ್ತರ ಬಂದಿದೆ: ಗುರುವಾರ, 11ನೇ ತಾರೀಖಿಗೆ ನಿಮ್ಮನ್ನು ‘ಪೆನ್ಸಿಲ್ ಇನ್’ ಮಾಡಿದ್ದೇವೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಪೆನ್ಸಿಲ್ ಮುಟ್ಟಿಸುವ ಹಾಗೆಯೇ ಇಲ್ಲ. ಮೇಷ್ಟರೇ, ಇದು ಏನು?

ಹಳೆಯ ಮೇಷ್ಟರು:

ಅಳಿಸಬಹುದಾದ ಗುರುವಾರ. ಅವರು ಪೆನ್ನು ಹಿಡಿಯುವವರೆಗೆ ಊರಿಗೆ ಟಿಕೆಟ್ ಮಾಡಿಸಬೇಡಿ. ಹೋಗಲೇಬೇಕಾದರೆ ಬೀಗದ ಕೈ ಕೊಟ್ಟು ಹೋಗಿ.